ಊರ ಗ್ರಂಥಾಲಯಕ್ಕೆ ವಾರದಲ್ಲಿ ಒಂದು ಸಂಜೆ

ಮನೆ ಕಂದಾಯ ಕಟ್ಟಿದ ರಶೀದಿಯನ್ನು ನಾವೆಲ್ಲ ಮಡಚಿ ಗೋಡೆಯ ತಂತಿಗೆ ಚುಚ್ಚಿಬಿಡುತ್ತೇವೆ. ಮುಂದಿನ ಸಾರಿ ಚುಚ್ಚುವ ಮೊದಲು ಒಮ್ಮೆ ಪೂರ್ತಿ ಓದಿ. ಆರೋಗ್ಯ ಕರ, ಶಿಕ್ಷಣ ಕರದ ಜೊತೆಗೆ ‘ಗ್ರಂಥಾಲಯ ಕರ’ ಅಂತ ಒಂದು ಸಾಲಿದೆ. ತೆರಿಗೆಯ ನೂರಕ್ಕೆ 6 ರೂಪಾಯಿ. 500 ರೂಪಾಯಿ ತೆರಿಗೆ ಕಟ್ಟುವವನು 30 ರೂಪಾಯಿ ಊರಿನ ಓದಿಗೆ ಕೊಡುತ್ತಾನೆ. ಅಂಥ 800 ಮನೆಗಳಿದ್ದರೆ ವರ್ಷಕ್ಕೆ 24 ಸಾವಿರ ಆಯಿತು. ಗ್ರಂಥಾಲಯದ ಮೆಟ್ಟಿಲು ಹತ್ತದವರೂ ಇದನ್ನು ಕಟ್ಟುತ್ತಿದ್ದಾರೆ. ಅಂದಮೇಲೆ ಅದು ಸರ್ಕಾರದ ಧರ್ಮಕಾರ್ಯವಲ್ಲ, ನಮ್ಮದೇ ದುಡ್ಡಿನ ಮನೆ.

ನಾನು ಕಡೂರು ತಾಲ್ಲೂಕು ಸಿಂಗಟಗೆರೆ ಹೋಬಳಿಯ ಸಣ್ಣ ರೈತ. ತೆಂಗು, ರಾಗಿ, ಎರಡು ಹಸು. ಪಕ್ಕದ ಮಲೆನಾಡಿನ ಮಳೆ ನಮ್ಮ ಬಯಲಿಗೆ ಬರುವಷ್ಟರಲ್ಲಿ ದಣಿದಿರುತ್ತದೆ. ಇಂಥ ಕಡೆ ಗ್ರಂಥಾಲಯದ ಮಾತೆತ್ತಿದರೆ ‘ಪುಸ್ತಕ ಓದಿದ್ರೆ ಬೋರಲ್ಲಿ ನೀರು ಬರ್ತೈತೇನಣ್ಣ?’ ಅಂತ ಕೇಳುವವರೇ ಹೆಚ್ಚು. ಈ ಪ್ರಶ್ನೆಗೆ ನಮ್ಮ ಅನುಭವದಲ್ಲಿ ಒಂದು ಉತ್ತರವಿದೆ. ಅದನ್ನು ಮುಂದೆ ಹೇಳುತ್ತೇನೆ.

ಕಾನೂನು ಹಳೆಯದು, ಬೀಗ ಹೊಸದಲ್ಲ

ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಗ್ರಂಥಾಲಯ ಕರ ಹುಟ್ಟಿದ್ದು ಅದರಿಂದಲೇ. ಹಳ್ಳಿಯ ಗ್ರಂಥಾಲಯಗಳು ಬಹುಕಾಲ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. 2019ರಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಇವಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರು. 2020ರ ನವೆಂಬರ್ 14ರಂದು, ಕೊರೋನಾದಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ‘ಪುಸ್ತಕ ಜೋಳಿಗೆ’ ಹೆಸರಲ್ಲಿ ಪಂಚಾಯಿತಿಗಳು ಊರವರಿಂದ ಪುಸ್ತಕ ಬೇಡಿ ತಂದವು. ಗೋಡೆಗಳಿಗೆ ಬಣ್ಣ ಬಂತು, ಎಷ್ಟೋ ಕಡೆ ಕಂಪ್ಯೂಟರೂ ಬಂತು.

ಇಷ್ಟೆಲ್ಲ ಆದರೂ ಒಂದು ತೊಡಕು ಉಳಿಯುತ್ತದೆ. ಕೇಂದ್ರ ತೆರೆದಿರುವ ಹೊತ್ತಿನಲ್ಲಿ ನಾವು ಹೊಲದಲ್ಲಿರುತ್ತೇವೆ. ನಾವು ಹಾಲು ಕರೆದು ಡೇರಿಗೆ ಹಾಕಿ ಕೈಕಾಲು ತೊಳೆಯುವ ಹೊತ್ತಿಗೆ ಅದಕ್ಕೆ ಬೀಗ ಬಿದ್ದಿರುತ್ತದೆ. ಮೇಲ್ವಿಚಾರಕರದ್ದು ತಪ್ಪಲ್ಲ. ಅವರಿಗೂ ಮನೆ ಮಠ ಇದೆ, ಗೊತ್ತಾದ ಕೆಲಸದ ವೇಳೆ ಇದೆ. ಗಡಿಯಾರ ಮತ್ತು ಬೇಸಾಯ ಹೊಂದುವುದಿಲ್ಲ, ಅಷ್ಟೇ.

ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಈ ಶಾಸ್ತ್ರಕ್ಕೆ ಐದು ಸೂತ್ರ ಬರೆದರು. ಪುಸ್ತಕ ಇರುವುದು ಬಳಸುವುದಕ್ಕೆ, ಕಾಪಿಡುವುದಕ್ಕಲ್ಲ ಎಂಬುದು ಮೊದಲನೆಯದರ ತಾತ್ಪರ್ಯ. ಅದೇ ವರ್ಷ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಕನಕಸಭೈ ಪಿಳ್ಳೆ ಎಂಬ ನಿವೃತ್ತ ಎಂಜಿನಿಯರ್ ಎತ್ತಿನ ಗಾಡಿಯ ಮೇಲೆ ಪುಸ್ತಕದ ಕಪಾಟು ಕೂರಿಸಿ ಹಳ್ಳಿ ಹಳ್ಳಿಗೆ ಕಳಿಸಿದರು. ಅದಕ್ಕೆ ರಂಗನಾಥನ್ನರ ಬೆಂಬಲವೂ ಇತ್ತು. ರೈತ ಪುಸ್ತಕದ ಬಳಿ ಬರಲಾರ, ಪುಸ್ತಕವೇ ರೈತನ ಬಳಿ ಹೋಗಲಿ ಎಂಬ ಲೆಕ್ಕ. ಇವತ್ತು ಗಾಡಿ ಬೇಕಿಲ್ಲ. ಸಂಜೆ ಒಂದೂವರೆ ಗಂಟೆ ಬಾಗಿಲು ತೆಗೆದರೆ ಸಾಕು.

ಐದು ಜನ, ಐದು ಸಂಜೆ

ನಮ್ಮೂರಲ್ಲಿ ಮಾಡಿಕೊಂಡ ಏರ್ಪಾಡು ಬಹಳ ಸರಳ. ಐದು ಜನ ಸೇರಿಕೊಂಡೆವು: ಮೂವರು ರೈತರು, ನಿವೃತ್ತ ಮೇಷ್ಟ್ರು ಒಬ್ಬರು, ಸ್ತ್ರೀಶಕ್ತಿ ಸಂಘದ ಅಕ್ಕ ಒಬ್ಬರು. ಸೋಮವಾರದಿಂದ ಶುಕ್ರವಾರದವರೆಗೆ ಒಬ್ಬೊಬ್ಬರಿಗೆ ಒಂದೊಂದು ಸಂಜೆ, 7ರಿಂದ 8.30. ಪಂಚಾಯಿತಿಗೆ ಅರ್ಜಿ ಕೊಟ್ಟು ಸಭೆಯಲ್ಲಿ ಬರವಣಿಗೆಯ ನಿರ್ಣಯ ಮಾಡಿಸಿಕೊಂಡೆವು. ಬಾಯಿಮಾತಿನ ಒಪ್ಪಿಗೆ ಅಧ್ಯಕ್ಷರು ಬದಲಾದ ದಿನ ಬಿದ್ದುಹೋಗುತ್ತದೆ.

ಬಾಗಿಲ ಬಳಿ ಒಂದು ‘ಕೀಲಿ ಪುಸ್ತಕ’ ಇದೆ. ಯಾರು ಕೀಲಿ ತಂದರು, ಎಷ್ಟು ಹೊತ್ತಿಗೆ ತೆರೆದರು, ಎಷ್ಟು ಜನ ಬಂದರು, ಎಷ್ಟಕ್ಕೆ ಮುಚ್ಚಿದರು ಎಂದು ಬರೆದು ರುಜು ಹಾಕಬೇಕು. ಸಂಜೆ ಹೊತ್ತು ಓದು ಮಾತ್ರ. ಪುಸ್ತಕ ಮನೆಗೆ ಕೊಡುವುದು, ವಾಪಸು ಪಡೆಯುವುದು ಮೇಲ್ವಿಚಾರಕರ ಕೆಲಸ. ಅದಕ್ಕೆ ನಾವು ಕೈ ಹಾಕುವುದಿಲ್ಲ. ಈ ಒಂದು ನಿಯಮದಿಂದ ‘ಪುಸ್ತಕ ಎಲ್ಲಿ ಹೋಯ್ತು’ ಎನ್ನುವ ಜಗಳವೇ ಇಲ್ಲ.

ರಾಗಿ ಕೊಯ್ಲಿನ ಸಮಯ, ಜಾತ್ರೆ, ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಕರೆಂಟ್ ಬರುವ ವಾರ, ಇವುಗಳಲ್ಲಿ ತಪ್ಪುವುದು ಸಹಜ. ಅಂಥ ದಿನ ಇನ್ನೊಬ್ಬರಿಗೆ ಹೇಳಿ ಬದಲಿ ಹಾಕಿಕೊಳ್ಳುತ್ತೇವೆ. ಯಾರೂ ಇಲ್ಲದಿದ್ದರೆ ಮಧ್ಯಾಹ್ನವೇ ಬಾಗಿಲಿಗೆ ಚೀಟಿ ಅಂಟಿಸುತ್ತೇವೆ. ಬಂದವರು ಬರಿಗೈಲಿ ವಾಪಸು ಹೋದರೆ ಎರಡನೇ ಸಾರಿ ಬರುವುದಿಲ್ಲ.

ಮಕ್ಕಳು ಓದುವುದು, ದೊಡ್ಡವರು ಕೇಳುವುದು

ಶನಿವಾರ ಮಧ್ಯಾಹ್ನದ ನಂತರ ಮಕ್ಕಳ ಹೊತ್ತು. ಮೊದಮೊದಲು ಮೇಷ್ಟ್ರು ಕತೆ ಓದುತ್ತಿದ್ದರು, ಮಕ್ಕಳು ಕೇಳುತ್ತಿದ್ದವು. ಆಮೇಲೆ ತಿರುಗಿಸಿದೆವು. ಮಕ್ಕಳೇ ಓದಬೇಕು, ಓದು ಬಾರದ ಅಜ್ಜಿಯರು, ತಾಯಂದಿರು ಕೇಳಬೇಕು. ಕತೆ ಮುಗಿದ ಮೇಲೆ ಅಜ್ಜಿಯರು ತಮ್ಮದೊಂದು ಕತೆ ಹೇಳುತ್ತಾರೆ. ಅದನ್ನು ದೊಡ್ಡ ಹುಡುಗಿಯರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ.

ಹೀಗೆ ಓದುತ್ತಾ ಓದುತ್ತಾ ಮನೆಯ ಕಾಗದಗಳೂ ಬರತೊಡಗಿದವು. ಬ್ಯಾಂಕಿನ ನೋಟೀಸು, ಪಹಣಿ, ಬೆಳೆ ವಿಮೆಯ ಅರ್ಜಿ. ‘ನೋಡವ್ವಾ, ಇದರಾಗೆ ಏನ್ ಬರ್ದವ್ರೆ ಅಂತ ಓದು’ ಎಂದು ಅಜ್ಜಿ ಸೆರಗಿನಿಂದ ಮಡಚಿದ ಕಾಗದ ತೆಗೆಯುತ್ತಾರೆ. ನಾವು ಹಾಕಿಕೊಂಡ ಕಟ್ಟುನಿಟ್ಟು ಇಷ್ಟೇ: ಓದಿ ಹೇಳುವುದು ಮಾತ್ರ. ರುಜು ಹಾಕಿ, ಹಾಕಬೇಡಿ ಎಂದು ನಾವು ಹೇಳುವುದಿಲ್ಲ. ಒಬ್ಬರ ಸಾಲದ ವಿಚಾರ ಕೋಣೆಯಿಂದ ಆಚೆ ಹೋಗಬಾರದು. ಅಂಥ ಕಾಗದವನ್ನು ಮಕ್ಕಳ ಕೈಗೆ ಕೊಡದೆ ಅಕ್ಕನೇ ಪಕ್ಕಕ್ಕೆ ಕರೆದು ಓದುತ್ತಾರೆ.

ಒಂದು ಶನಿವಾರ ಔಷಧಿ ಡಬ್ಬಿಗಳ ಪಾಠ ಮಾಡಿದೆವು. ಕೀಟನಾಶಕದ ಲೇಬಲ್ ಮೇಲೆ ಓರೆಯಾಗಿ ನಿಲ್ಲಿಸಿದ ಚೌಕ ಇರುತ್ತದಲ್ಲ, ಅದರ ಕೆಳಗಿನ ಅರ್ಧದ ಬಣ್ಣ ವಿಷದ ಮಟ್ಟ ಹೇಳುತ್ತದೆ. ಕೆಂಪು ಅತಿ ಘೋರ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರೆಂದರೆ ವಿಷವೇ ಅಲ್ಲ ಅಂತ ಅರ್ಥವಲ್ಲ. ಡಬ್ಬಿಯನ್ನು ಮಕ್ಕಳಿಗೆ ಮುಟ್ಟಿಸಲಿಲ್ಲ. ಲೇಬಲ್ಲಿನ ಚಿತ್ರವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆವು. ಆ ಸಂಜೆ ಎಷ್ಟೋ ಮನೆಗಳಲ್ಲಿ ಮಕ್ಕಳು ಅಪ್ಪಂದಿರಿಗೆ ಪಾಠ ಹೇಳಿದವು. ಅಡುಗೆಮನೆಯ ಅಟ್ಟದಲ್ಲಿದ್ದ ಡಬ್ಬಿಗಳು ಕೆಳಗಿಳಿದು ಹೊರಗಿನ ಪೆಟ್ಟಿಗೆ ಸೇರಿದವು.

ಬೋರಿನ ಪುಸ್ತಕ

ಈಗ ‘ಓದಿದ್ರೆ ನೀರು ಬರ್ತೈತಾ’ ಎಂಬ ಪ್ರಶ್ನೆಗೆ ಬರೋಣ.

ನಮ್ಮ ಕಡೆ ರೈತನನ್ನು ನೆಲಕಚ್ಚಿಸುವುದು ಬರಕ್ಕಿಂತ ಹೆಚ್ಚಾಗಿ ಫೇಲಾದ ಬೋರು. ತೆಂಗು ಒಣಗುವುದನ್ನು ನೋಡಲಾರದೆ ಸಾಲ ಮಾಡಿ ಪಾಯಿಂಟ್ ಮಾಡಿಸುತ್ತೇವೆ. ಲಾರಿ ಬರುತ್ತದೆ, ಧೂಳೆಬ್ಬಿಸಿ ಹೋಗುತ್ತದೆ. ಪಕ್ಕದ ಹೊಲದಲ್ಲಿ ನಾಲ್ಕು ವರ್ಷದ ಹಿಂದೆ ಏನಾಗಿತ್ತು ಎಂದು ಕೇಳಿದರೆ ನಿಖರವಾಗಿ ಹೇಳುವವರಿಲ್ಲ. ನೀರು ಬಿದ್ದ ಬೋರಿನ ಸುದ್ದಿ ಹತ್ತೂರಿಗೆ ಹೋಗುತ್ತದೆ. ಬೀಳದ್ದರ ಸುದ್ದಿ ಮನೆಯೊಳಗೇ ಉಳಿಯುತ್ತದೆ.

ಅದಕ್ಕೇ ಗ್ರಂಥಾಲಯದಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇಟ್ಟೆವು. ಕಾಲಮ್ಮುಗಳು ಇವು: ಯಾವ ಕಡೆಯ ಹೊಲ, ಕೊರೆದ ವರ್ಷ ಮತ್ತು ತಿಂಗಳು, ಒಟ್ಟು ಎಷ್ಟು ಅಡಿ, ಕೇಸಿಂಗ್ ಪೈಪು ಎಷ್ಟು ಅಡಿ, ಎಷ್ಟನೇ ಅಡಿಗೆ ಬಂಡೆ, ಎಷ್ಟನೇ ಅಡಿಗೆ ನೀರು, ಎಷ್ಟು ಇಂಚು, ನಿಂತುಹೋದದ್ದು ಯಾವಾಗ. ಹೆಸರು ಬರೆಯಲೇಬೇಕು ಎಂದಿಲ್ಲ.

ಮೊದಲು ಯಾರೂ ಬರೆಸಲಿಲ್ಲ. ಸೋತ ಬೋರು ಹೇಳಿಕೊಳ್ಳಲು ನಾಚಿಕೆ. ಕೆಲವರಿಗೆ ಸರ್ಕಾರದವರು ನೋಡಿ ಏನು ಮಾಡುತ್ತಾರೋ ಎಂಬ ಅಳುಕು. ವಯಸ್ಸಾದ ರೈತರೊಬ್ಬರು ಮುಂದೆ ಬಂದು ತಮ್ಮ ಎರಡು ಸೋತ ಬೋರುಗಳನ್ನು ಬರೆಸಿದರು. ‘ನನ್ ದುಡ್ಡಂತೂ ಹೋಯ್ತು, ಮುಂದ್ಲವನ್ದಾದ್ರೂ ಉಳೀಲಿ’ ಅಂದರು. ಆಮೇಲೆ ಒಬ್ಬೊಬ್ಬರೇ ಬಂದರು. ಹೆಂಗಸರಿಗೆ ವರ್ಷ ತಿಂಗಳು ಚೆನ್ನಾಗಿ ನೆನಪಿರುತ್ತದೆ. ‘ದೊಡ್ಡ ಮಗಳ ಬಾಣಂತನದ ವರ್ಷ’ ಅಂದರೆ ಲೆಕ್ಕ ಸಿಕ್ಕಂತೆ.

ಈಗ ಊರಿನ ಒಂದು ಮಗ್ಗುಲಲ್ಲಿ ಅಕ್ಕಪಕ್ಕದ ಹೊಲಗಳ ಬೋರುಗಳು ಒಂದರ ಹಿಂದೆ ಒಂದು ಬತ್ತಿದ್ದು ಪುಟ ತಿರುವಿದರೆ ಕಾಣುತ್ತದೆ. ಆ ಕಡೆಯ ಹೊಲದವರೊಬ್ಬರು ಅದನ್ನು ನೋಡಿ ಲಾರಿಗೆ ಹೇಳಿದ್ದನ್ನು ಬಿಟ್ಟರು. ಅದೇ ದುಡ್ಡಿನ ಒಂದು ಪಾಲಿನಲ್ಲಿ ಕೃಷಿ ಹೊಂಡ ತೆಗೆಸಿ, ಇದ್ದ ತೆಂಗಿನ ಮರಗಳ ಬುಡಕ್ಕೆ ಗರಿ, ಸಿಪ್ಪೆ ಮುಚ್ಚಿಗೆ ಹಾಕಿದರು. ಪುಸ್ತಕ ನೀರು ಎಲ್ಲಿದೆ ಎಂದು ಹೇಳುವುದಿಲ್ಲ. ಯಾರಿಗೆ ಎಲ್ಲಿ ಏನಾಯಿತು ಎಂದು ಹೇಳುತ್ತದೆ. ಸಣ್ಣ ರೈತನಿಗೆ ಅಷ್ಟಾದರೂ ಗೊತ್ತಾಗಬೇಕು.

ಪುಸ್ತಕದ ರೋಗ, ನಮ್ಮ ಮದ್ದು

ಗ್ರಂಥಾಲಯದ ದೊಡ್ಡ ಶತ್ರು ಗೆದ್ದಲು ಮತ್ತು ತೇವ. ಕಪಾಟುಗಳನ್ನು ಗೋಡೆಯಿಂದ ಅರ್ಧ ಅಡಿ ಮುಂದೆ ಸರಿಸಿ, ಕಾಲುಗಳ ಕೆಳಗೆ ಕಲ್ಲು ಕೊಟ್ಟೆವು. ತಿಂಗಳಿಗೊಮ್ಮೆ ಪುಸ್ತಕ ಕೆಳಗಿಳಿಸಿ ಕೊಡವಿ ಒರೆಸುತ್ತೇವೆ. ಹರಿದ ಪುಸ್ತಕ ಹೊಲಿಯಲು ಗೋಣಿ ದಬ್ಬಳ ಮತ್ತು ದಪ್ಪ ದಾರ ಸಾಕು. ಅಂಟಿಗೆ ಮೈದಾ ಗಂಜಿ. ಹುಳ ಬಾರದಿರಲಿ ಎಂದು ಬೈಂಡಿಂಗಿನವರು ಅದಕ್ಕೆ ಒಂದು ಚಿಟಿಕೆ ಮೈಲುತುತ್ತ ಹಾಕುವುದು ಹಳೆಯ ಪದ್ಧತಿ. ಅಡಿಕೆ ಬೆಳೆಯುವ ತಾವುಗಳಲ್ಲಿ ಬೋರ್ಡೋ ದ್ರಾವಣಕ್ಕೆ ತಂದ ತುತ್ತ ಇದ್ದೇ ಇರುತ್ತದೆ. ಅದು ವಿಷ. ದೊಡ್ಡವರೇ ಕಲಸಬೇಕು, ಉಳಿದ ಗಂಜಿಯನ್ನು ದನ, ನಾಯಿ ಮುಟ್ಟದ ಕಡೆ ಹೂಳಬೇಕು.

ಕೃಷಿ ಮಾಸಪತ್ರಿಕೆಗಳ ಹಳೆ ಸಂಚಿಕೆಗಳನ್ನು ಮನೆಮನೆಯಿಂದ ತಂದು ವರ್ಷವಾರು ಹೊಲಿದಿಟ್ಟಿದ್ದೇವೆ. ಕಪ್ಪು ತಲೆ ಹುಳ ಬಂದಾಗ, ಈರುಳ್ಳಿಗೆ ರೋಗ ಬಂದಾಗ ಹುಡುಕಿ ಬರುವುದು ಈ ಕಪಾಟಿಗೇ.

ಒಬ್ಬರಿಂದಲೋ, ಊರಿಂದಲೋ

ಒಬ್ಬನೇ ಮನುಷ್ಯ ಎಷ್ಟು ಮಾಡಬಹುದು ಎನ್ನುವುದಕ್ಕೆ ಪಾಂಡವಪುರ ತಾಲ್ಲೂಕು ಹರಳಹಳ್ಳಿಯ ಅಂಕೇಗೌಡರಿದ್ದಾರೆ. ಒಂದು ಕಾಲಕ್ಕೆ ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ದುಡಿದದ್ದನ್ನೆಲ್ಲ ಪುಸ್ತಕಕ್ಕೆ ಸುರಿದು ಕಟ್ಟಿದ ‘ಪುಸ್ತಕಮನೆ’ಯಲ್ಲಿ 20 ಲಕ್ಷದಷ್ಟು ಪುಸ್ತಕಗಳಿವೆ. 2026ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮೈಸೂರಿನ ರಾಜೀವನಗರದ ಸೈಯದ್ ಇಸಾಕ್ ಕೂಲಿ ಮಾಡಿ ಬದುಕುವವರು. 2011ರಿಂದ ತಮ್ಮ ಸಂಪಾದನೆಯಲ್ಲೇ ಪತ್ರಿಕೆ ತರಿಸಿ ಬಡಾವಣೆಯವರಿಗೆ ಕನ್ನಡ ಗ್ರಂಥಾಲಯ ನಡೆಸಿದರು. 2021ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದು 11 ಸಾವಿರದಷ್ಟು ಪುಸ್ತಕ ಸುಟ್ಟುಹೋದವು. ನಾಡಿನ ಜನ ಪುಸ್ತಕ ಕಳಿಸಲು ಮುಂದಾದರು.

ಇಬ್ಬರಿಗೂ ಕೈಮುಗಿಯಬೇಕು. ಆದರೆ ಎಲ್ಲ ಊರಲ್ಲೂ ಅಂಥವರು ಹುಟ್ಟುವುದಿಲ್ಲ. ಕೇರಳದವರು ಬೇರೆ ದಾರಿ ಹಿಡಿದರು. ಪಿ.ಎನ್. ಪಣಿಕ್ಕರ್ 1945ರಲ್ಲಿ 47 ಊರ ಗ್ರಂಥಾಲಯಗಳನ್ನು ಸೇರಿಸಿ ಗ್ರಂಥಶಾಲಾ ಸಂಘ ಕಟ್ಟಿದರು. ಅಲ್ಲಿ ಗ್ರಂಥಾಲಯ ನಡೆಸುವುದು ಊರಿನ ಸದಸ್ಯರೇ ಆರಿಸಿದ ಸಮಿತಿ. ಅವರು ತೀರಿಕೊಂಡ ಜೂನ್ 19 ಅಲ್ಲಿ ಓದುವ ದಿನ. ನಮ್ಮಲ್ಲಿ ಕಾನೂನಿದೆ, ಕರವಿದೆ, ಕಟ್ಟಡವಿದೆ. ಊರಿನ ಸಮಿತಿಯ ಆ ಅಭ್ಯಾಸವೊಂದು ಬೆಳೆಯಬೇಕಾಗಿದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ‘ಊರವರೇ ಪುಕ್ಕಟೆ ಮಾಡ್ತಾರಲ್ಲ’ ಎಂದು ಮೇಲ್ವಿಚಾರಕರ ಸಂಬಳಕ್ಕೆ ಕತ್ತರಿ ಬೀಳಬಾರದು. ಈ ಮೇಲ್ವಿಚಾರಕರು ವರ್ಷಗಟ್ಟಲೆ ಸಣ್ಣ ಗೌರವಧನದಲ್ಲಿ ದುಡಿದವರು, ಕನಿಷ್ಠ ವೇತನಕ್ಕಾಗಿ ಹೋರಾಡಿದವರು. ನಮ್ಮ ಸಂಜೆ ಅವರ ಹಗಲಿನ ಜೊತೆಗೆ ಸೇರಬೇಕು, ಅದರ ಬದಲಿಗಲ್ಲ.

ನಿಮ್ಮೂರಲ್ಲಿ ಶುರು ಮಾಡುವುದಾದರೆ

* ಮುಂದಿನ ಗ್ರಾಮಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ಹೋದ ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾಯಿತು? ಯಾವುದಕ್ಕೆ ಖರ್ಚಾಯಿತು? ಉತ್ತರವನ್ನು ನಡಾವಳಿಯಲ್ಲಿ ಬರೆಸಿ.
* ಮೊದಲು ಮೇಲ್ವಿಚಾರಕರ ಜೊತೆ ಕೂತು ಮಾತಾಡಿ. ಅವರಿಗೆ ಇಷ್ಟವಿಲ್ಲದ ಕೆಲಸ ನಿಲ್ಲುವುದಿಲ್ಲ.
* ಐದು ಜನ ಸಿಗದಿದ್ದರೆ ಎರಡು ಸಂಜೆಯಿಂದಲೇ ಶುರು ಮಾಡಿ. ಹೇಳಿದ ಹೊತ್ತಿಗೆ ಬಾಗಿಲು ತೆರೆಯುವುದು ಮುಖ್ಯ.
* ಹೆಂಗಸರಿಗೆ ಅನುಕೂಲವಾದ ಹೊತ್ತು ಯಾವುದೆಂದು ಅವರನ್ನೇ ಕೇಳಿ. ನಮ್ಮಲ್ಲಿ ಅದು ಮಧ್ಯಾಹ್ನ 3 ಗಂಟೆ.
* ಬೋರಿನ ಪುಸ್ತಕಕ್ಕೆ ಒಂದು ದಪ್ಪ ರಟ್ಟಿನ ಲೆಕ್ಕದ ಪುಸ್ತಕ ಬಿಟ್ಟರೆ ಬೇರೆ ಖರ್ಚಿಲ್ಲ.

ರಂಗನಾಥನ್ ಹುಟ್ಟಿದ ಆಗಸ್ಟ್ 12ನ್ನು ಗ್ರಂಥಪಾಲಕರ ದಿನ ಎಂದು ಆಚರಿಸುತ್ತಾರೆ. ನಮ್ಮ ಸೀಮೆಯಲ್ಲಿ ಆ ಹೊತ್ತಿಗೆ ರಾಗಿ ಬಿತ್ತನೆಯ ಗಡಿಬಿಡಿ ಇಳಿಯುತ್ತಾ ಬಂದಿರುತ್ತದೆ. ಶುರು ಮಾಡಲು ಒಳ್ಳೆಯ ದಿನ. ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹಕ್ಕೆ ಮೂರು ತಿಂಗಳ ಕೀಲಿ ಪುಸ್ತಕವನ್ನು ಪಂಚಾಯಿತಿ ಮುಂದಿಟ್ಟು, ಬಂದ ಜನರ ಲೆಕ್ಕ ತೋರಿಸಿ ಹೊಸ ಪುಸ್ತಕ ಕೇಳಬಹುದು. ಬರಿಯ ಮನವಿಗಿಂತ ಆ ಲೆಕ್ಕಕ್ಕೆ ತೂಕ ಜಾಸ್ತಿ.