ಜೈಲು ಮುರಿದವ ರಾಜನಾದ, ಸಿನಿಮಾ ಮಾಯವಾಯ್ತು!

ಮೊಗುಡಂಪಲ್ಲಿ: ಕಾಲಿಗೆ ಸಂಕೋಲೆ, ಬೆನ್ನ ಹಿಂದೆ ರಾಜನ ಭಟರು. ಸೆರೆಮನೆಯಿಂದ ತಪ್ಪಿಸಿಕೊಂಡ ಆರ್ಯಕ ದಾರಿಯಲ್ಲಿ ಕಂಡ ಬಂಡಿ ಹತ್ತಿ ಅಡಗುತ್ತಾನೆ. ಬಂಡಿಯ ಒಡೆಯ ಚಾರುದತ್ತ ಅವನನ್ನು ಹಿಡಿದುಕೊಡದೆ ಸಂಕೋಲೆ ಬಿಡಿಸಿ ಕಳಿಸುತ್ತಾನೆ. ಕಡೆಗೆ ಆ ಕೈದಿಯೇ ರಾಜನಾಗುತ್ತಾನೆ.

ಇದು ಶೂದ್ರಕನ ಸಂಸ್ಕೃತ ನಾಟಕ 'ಮೃಚ್ಛಕಟಿಕ'ದ ಒಂದು ಎಳೆ. ಬ್ರಿಟಿಷರ ಕಾಲದಲ್ಲಿ, 1930ರ ಆಸುಪಾಸು, ಇದೇ ನಾಟಕ 'ವಸಂತಸೇನಾ' ಹೆಸರಿನ ಮೂಕಿ ಚಿತ್ರವಾಯಿತು. ಆದರೆ ಆ ಚಿತ್ರ ಇಂದು ನೋಡೋಣ ಅಂದ್ರೂ ಸಿಗದು.

ಮೋಹನ್ ಭವನಾನಿ ನಿರ್ದೇಶಿಸಿದ ಈ ಚಿತ್ರದಲ್ಲಿ ಏಣಾಕ್ಷಿ ರಾಮರಾವ್ ಅವರ ಜತೆ ನಾಟಕಕಾರ ಟಿ.ಪಿ. ಕೈಲಾಸಂ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ್ದರು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಸಿನಿಮಾ ಅಂದ್ರೆ ಹಿಂಜರಿಯುತ್ತಿದ್ದ ಕಾಲವದು. ಉಪ್ಪಿನ ಸತ್ಯಾಗ್ರಹದಲ್ಲಿ ಕಮಲಾದೇವಿ ಸ್ವತಃ ಜೈಲು ಕಂಡವರು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ತೆರೆಗೆ ಬಂದದ್ದು 1934ರಲ್ಲಿ.

ನಮ್ಮ ಸೀಮೆಗೂ ಇಂಥದ್ದೇ ನಷ್ಟದ ನಂಟಿದೆ. ಜಹೀರಾಬಾದ್, ನಾರಾಯಣಖೇಡ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೆ ಸೇರಿದ್ದವು. ರಾಜಧಾನಿ ಹೈದರಾಬಾದಿನಲ್ಲಿ ಧೀರೇಂದ್ರನಾಥ ಗಂಗೂಲಿ 1922ರಲ್ಲಿ ಲೋಟಸ್ ಫಿಲ್ಮ್ ಕಂಪನಿ ಕಟ್ಟಿ ಮೂಕಿ ಚಿತ್ರ ತೆಗೆದರು. 1924ರಲ್ಲಿ 'ರಜಿಯಾ ಬೇಗಂ' ತೋರಿಸಿದ್ದಕ್ಕೆ ನಿಜಾಮರು ಅವರನ್ನು ಊರು ಬಿಡಿಸಿದರು. ಆ ಚಿತ್ರವೂ ಉಳಿದಿಲ್ಲ.

ಯಾಕೆ ಹೀಗಾಯ್ತು? ಅಂದಿನ ರೀಲು ನೈಟ್ರೇಟಿನದು. ಬೇಗ ಬೆಂಕಿ ಹತ್ತುತ್ತಿತ್ತು, ಸೆಕೆಗೆ ಕೊಳೆಯುತ್ತಿತ್ತು. ಮಾತಿನ ಚಿತ್ರ ಬಂದ ಮೇಲೆ ಮೂಕಿಯನ್ನು ಕೇಳುವವರಿಲ್ಲ. ರೀಲಿನಲ್ಲಿದ್ದ ಬೆಳ್ಳಿ ತೆಗೆಯಲು ಎಷ್ಟೋ ಚಿತ್ರಗಳನ್ನು ಹಾಳುಗೆಡವಿದರು. ದೇಶದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ ಉಳಿದದ್ದು 30ರ ಆಸುಪಾಸು, ಅದರಲ್ಲೂ ಹಲವು ಬರೀ ತುಣುಕು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗುವಷ್ಟರಲ್ಲಿ ಹೊತ್ತು ಮೀರಿತ್ತು.

ರೀಲು ಹೋದರೂ ಕಾಗದ ಉಳಿದಿರಬಹುದು. ಗಡಿಯ ಈಚೆ ಆಚೆ ಹಳೆಯ ಮನೆಗಳ ಟ್ರಂಕಿನಲ್ಲಿ ಸಿನಿಮಾ ಕರಪತ್ರ, ಫೋಟೊ, ಟಿಕೆಟು ಏನಿದ್ದರೂ ರದ್ದಿಗೆ ಹಾಕುವ ಮುನ್ನ ತಿಳಿದವರಿಗೆ ತೋರಿಸುವುದು ಒಳ್ಳೆಯದು. ಕನ್ನಡವಿರಲಿ, ತೆಲುಗು, ಮರಾಠಿ, ಉರ್ದು ಇರಲಿ, ಬೇಡ ಅನ್ನಬಾರದು. ಹಳೆಯ ರೀಲೇ ಸಿಕ್ಕರೆ ಒಲೆ, ದೀಪದ ಹತ್ತಿರ ಮಾತ್ರ ಒಯ್ಯಬೇಡಿ.