ಗಣಕದ ನೆತ್ತಿಗೆ ತಣ್ಣೀರು

ವಿದ್ಯುತ್ತು ಹರಿಯುವ ಯಂತ್ರದ ಬಳಿ ನೀರು ಸುಳಿಯಕೂಡದೆಂಬುದು ಮನೆಮನೆಯಲ್ಲೂ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿರುವ ಬುದ್ಧಿಮಾತು. ಒದ್ದೆ ಕೈಯಿಂದ ಸ್ವಿಚ್ಚು ಮುಟ್ಟಬೇಡವೆಂದು ಗದರಿಸದ ತಾಯಿಯುಂಟೆ? ಹೀಗಿರುವಾಗ, ನೂರಾರು ಕೋಟಿ ಟ್ರಾನ್ಸಿಸ್ಟರುಗಳು ಎಡೆಬಿಡದೆ ದುಡಿಯುವ ಗಣಕಯಂತ್ರದ ಪೆಟ್ಟಿಗೆಯೊಳಕ್ಕೆ ನೀರನ್ನೇ ಬರಮಾಡಿಕೊಂಡು, ಅದರ ಮಿದುಳಿನ ನೆತ್ತಿಯ ಮೇಲೆಯೇ ಹರಿಯಬಿಡುವ ಸಾಹಸಕ್ಕೆ ಮನುಷ್ಯ ಕೈಹಾಕಿದ್ದಾನೆ. ಆ ಸಾಹಸ ಇಂದು ಪ್ರಯೋಗಶಾಲೆಯ ಗುಟ್ಟಾಗಿ ಉಳಿದಿಲ್ಲ. ಗಣಕದ ಬಿಡಿಭಾಗಗಳನ್ನು ಮಾರುವ ಯಾವ ದೊಡ್ಡ ಅಂಗಡಿಯಲ್ಲಾದರೂ ‘ಆಲ್-ಇನ್-ಒನ್ ಲಿಕ್ವಿಡ್ ಕೂಲರ್’ ಎಂಬ ಹೆಸರಿನ ಪೆಟ್ಟಿಗೆಗಳು ಸಾಲಾಗಿ ನಿಂತಿರುತ್ತವೆ. ತಾಮ್ರದ ಒಂದು ಬಿಲ್ಲೆ, ಅದಕ್ಕೆ ಅಂಟಿದ ಪುಟ್ಟ ಪಂಪು, ಎರಡು ಕೊಳವೆಗಳು, ಫ್ಯಾನುಗಳನ್ನು ಹೊತ್ತ ಒಂದು ರೇಡಿಯೇಟರ್—ಎಲ್ಲವನ್ನೂ ಕಾರ್ಖಾನೆಯಲ್ಲಿಯೇ ಜೋಡಿಸಿ, ನೀರು ತುಂಬಿ, ಮುದ್ರೆಯೊತ್ತಿ ಕಳುಹಿಸಿದ ಸಾಧನವಿದು. ಕೊಂಡವನು ತಿರುಪು ಬಿಗಿದರಾಯಿತು.

ಇಷ್ಟೊಂದು ಏರ್ಪಾಡು ಏತಕ್ಕೆ ಬೇಕಾಯಿತು? ಇದು ಎಲ್ಲರಿಗೂ ಬೇಕಾದುದೇ? ಮುದ್ರೆಯೊಳಗಿನ ಆ ನೀರನ್ನು ಎಷ್ಟರಮಟ್ಟಿಗೆ ನಂಬಬಹುದು? ಹಣ ತೆತ್ತು ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು ಇವೇ.

ಇಸ್ತ್ರಿಪೆಟ್ಟಿಗೆಯನ್ನು ಮೀರಿಸಿದ ಬಿಲ್ಲೆ

ಬಟ್ಟೆ ತೀಡುವ ವಿದ್ಯುತ್ ಇಸ್ತ್ರಿಪೆಟ್ಟಿಗೆಯೊಂದು ೧೦೦೦ ವಾಟ್ ಶಕ್ತಿಯದೆಂದೂ ಅದರ ತಳ ೧೫೦ ಚದರ ಸೆಂಟಿಮೀಟರ್ ಎಂದೂ ಇಟ್ಟುಕೊಳ್ಳೋಣ. ಚದರ ಸೆಂಟಿಮೀಟರಿಗೆ ಏಳು ವಾಟ್ ಕೂಡ ಬೀಳಲಿಲ್ಲ. ಇನ್ನು ೨೦೨೨ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ ಸಂಸ್ಥೆಯ ಕೋರ್ ಐ೯-೧೩೯೦೦ಕೆ ಎಂಬ ಪ್ರೊಸೆಸರನ್ನು ನೋಡಬೇಕು. ಪೂರ್ಣ ವೇಗದಲ್ಲಿ ದುಡಿಯುವಾಗ ೨೫೩ ವಾಟ್ ವರೆಗೆ ಶಕ್ತಿಯನ್ನು ನುಂಗಲು ಅದಕ್ಕೆ ಅನುಮತಿಯಿದೆ. ಆದರೆ ಅದರೊಳಗಿನ ಸಿಲಿಕಾನ್ ಹಲ್ಲೆಯ ವಿಸ್ತಾರ ಎರಡೂವರೆ ಚದರ ಸೆಂಟಿಮೀಟರಿಗಿಂತ ತುಸುವೇ ಹೆಚ್ಚು. ಎಂದರೆ ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ ನೂರು ವಾಟ್! ಇಸ್ತ್ರಿಪೆಟ್ಟಿಗೆಗೆ ಹೋಲಿಸಿದರೆ ಹದಿನಾಲ್ಕು ಮಡಿ. ನುಂಗಿದ ಶಕ್ತಿಯೆಲ್ಲವೂ ಕಟ್ಟಕಡೆಗೆ ಶಾಖವಾಗಿಯೇ ಹೊರಬೀಳಬೇಕು. ಅದಕ್ಕೆ ಬೇರೆ ದಾರಿಯಿಲ್ಲ.

ಈ ಸಂಕಟ ಒಂದೇ ದಿನದಲ್ಲಿ ಬಂದುದಲ್ಲ. ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಆತನ ಸಂಗಡಿಗರು ೧೯೭೪ರಲ್ಲಿ ಒಂದು ಸೊಗಸಾದ ನಿಯಮವನ್ನು ತೋರಿಸಿಕೊಟ್ಟಿದ್ದರು: ಟ್ರಾನ್ಸಿಸ್ಟರನ್ನು ಕಿರಿದಾಗಿಸುತ್ತ ಹೋದಂತೆ ಅದಕ್ಕೆ ಕೊಡುವ ವೋಲ್ಟೇಜನ್ನೂ ಇಳಿಸುತ್ತ ಹೋದರೆ, ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರುಗಳನ್ನು ತುಂಬಿದರೂ ಶಾಖ ಏರುವುದಿಲ್ಲ. ಮೂರು ದಶಕಗಳ ಕಾಲ ಗಣಕೋದ್ಯಮ ಈ ವರದ ಬಲದಿಂದಲೇ ಬೆಳೆಯಿತು. ಆದರೆ ವೋಲ್ಟೇಜನ್ನು ಇಳಿಸುವುದಕ್ಕೂ ಒಂದು ಮಿತಿಯುಂಟು. ಅತಿ ಸಣ್ಣದಾದ ಟ್ರಾನ್ಸಿಸ್ಟರು, ಸವೆದ ನಲ್ಲಿಯಂತೆ, ಮುಚ್ಚಿದ ಮೇಲೂ ವಿದ್ಯುತ್ತನ್ನು ಸೋರಬಿಡತೊಡಗಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ ಆ ವರ ಮುಗಿದುಹೋಯಿತು. ೨೦೦೪ರಲ್ಲಿ ಇಂಟೆಲ್ ಸಂಸ್ಥೆ, ಇನ್ನೂ ಹೆಚ್ಚಿನ ವೇಗಕ್ಕೆಂದು ರೂಪಿಸುತ್ತಿದ್ದ ‘ತೇಹಾಸ್’ ಎಂಬ ಪ್ರೊಸೆಸರನ್ನು ಅರ್ಧಕ್ಕೇ ಕೈಬಿಟ್ಟು, ಒಂದೇ ಬಿಲ್ಲೆಯಲ್ಲಿ ಹಲವು ಮಿದುಳುಗಳನ್ನು ಕೂಡಿಸುವ ದಾರಿ ಹಿಡಿಯಿತು.

ಶಾಖವನ್ನು ಅಲಕ್ಷಿಸಿದರೆ ಏನಾದೀತೆಂಬುದನ್ನು ೨೦೦೧ರಲ್ಲಿ ‘ಟಾಮ್ಸ್ ಹಾರ್ಡ್‌ವೇರ್’ ಎಂಬ ಜಾಲಪತ್ರಿಕೆ ಚಲಚ್ಚಿತ್ರ ತೆಗೆದೇ ತೋರಿಸಿತು. ದುಡಿಯುತ್ತಿರುವ ಪ್ರೊಸೆಸರಿನ ಮೇಲಿಂದ ತಂಪುಗೊಳಿಸುವ ಲೋಹವನ್ನು ಕಿತ್ತು ತೆಗೆದಾಗ, ಅಂದಿನ ಅಥ್ಲಾನ್ ಪ್ರೊಸೆಸರು ಹೊಗೆಯೆದ್ದು ಸುಟ್ಟುಹೋಯಿತು. ಪೆಂಟಿಯಂ ೪ ಮಾತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಜೀವ ಉಳಿಸಿಕೊಂಡಿತು. ಈಗಿನ ಪ್ರೊಸೆಸರುಗಳೆಲ್ಲವೂ ಈ ಎರಡನೆಯ ವಿವೇಕವನ್ನು ಕಲಿತಿವೆ. ಆದುದರಿಂದ ಇಂದು ಬಿಸಿಯಾದ ಗಣಕ ಸಾಮಾನ್ಯವಾಗಿ ಸುಡುವುದಿಲ್ಲ, ಬಳಲುತ್ತದೆ. ಅದು ನಿಧಾನವಾಗುವುದನ್ನು ತಡೆಯುವುದೇ ತಂಪಿನ ಮುಖ್ಯ ಕೆಲಸ.

ದೊಡ್ಡವರ ಮನೆಯ ನೀರು

ಗಣಕಕ್ಕೆ ನೀರು ಹಾಯಿಸಿದುದು ಹೊಸ ಯೋಚನೆಯೇನೂ ಅಲ್ಲ. ೧೯೬೦ರ ದಶಕದಲ್ಲಿಯೇ ಐ.ಬಿ.ಎಂ. ಸಂಸ್ಥೆ ತನ್ನ ೩೬೦ ಮಾಲಿಕೆಯ ೯೧ನೆಯ ಮಾದರಿಯ ದೈತ್ಯ ಗಣಕವನ್ನು ನೀರಿನಿಂದ ತಂಪುಗೊಳಿಸಿತ್ತು. ಅತಿವೇಗದ ಗಣಕಗಳ ಶಿಲ್ಪಿಯಾದ ಸೆಮೂರ್ ಕ್ರೇ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ೧೯೮೫ರ ಕ್ರೇ-೨ ಯಂತ್ರದಲ್ಲಿ ಮಂಡಲಗಳನ್ನೆಲ್ಲ ವಿದ್ಯುತ್ತನ್ನು ಹಾಯಗೊಡದ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಪೂರ್ತಿಯಾಗಿ ಮುಳುಗಿಸಿಬಿಟ್ಟ. ನೋಡುವವರಿಗೆ ಅದು ಮೀನಿನ ತೊಟ್ಟಿಯಂತೆ ಕಾಣುತ್ತಿತ್ತು.

ಇಂದಿನ ಪುಟ್ಟ ಸಾಧನದ ನಿಜವಾದ ಪೂರ್ವಜ ಮಾತ್ರ ಹುಟ್ಟಿದುದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿ ಡೇವಿಡ್ ಟಕರ್‌ಮನ್ ಮತ್ತು ಫೇಬಿಯನ್ ಪೀಸ್ ಎಂಬ ಸಂಶೋಧಕರು ಸಿಲಿಕಾನಿನಲ್ಲಿಯೇ ಕೂದಲೆಳೆಯಷ್ಟು ಸಣ್ಣ ಕಾಲುವೆಗಳನ್ನು ಕೊರೆದು, ಅವುಗಳಲ್ಲಿ ನೀರು ಹರಿಸಿ, ಚದರ ಸೆಂಟಿಮೀಟರಿಗೆ ೭೯೦ ವಾಟಿನಷ್ಟು ಶಾಖವನ್ನು ಹೊರಗೆಳೆಯಬಹುದೆಂದು ೧೯೮೧ರಲ್ಲಿ ತೋರಿಸಿದರು. ಕಾಲುವೆ ಕಿರಿದಾದಷ್ಟೂ ನೀರಿಗೂ ಗೋಡೆಗೂ ಇರುವ ಅಂತರ ಕಡಿಮೆ. ಅಂತರ ಕಡಿಮೆಯಾದಷ್ಟೂ ಶಾಖದ ಪಯಣ ಸುಲಭ. ಇದೇ ಅವರು ಕಂಡುಕೊಂಡ ಮರ್ಮ.

ಮನೆಯ ಮೇಜಿಗೆ ನೀರನ್ನು ತಂದವರು ಹವ್ಯಾಸಿಗಳು. ತೊಂಬತ್ತರ ದಶಕದ ಕೊನೆಯ ವೇಳೆಗೆ ಅವರು ಮೋಟಾರು ಕಾರಿನ ಹಳೆಯ ಹೀಟರನ್ನೂ ಮೀನಿನ ತೊಟ್ಟಿಯ ಪಂಪನ್ನೂ ರಬ್ಬರು ಕೊಳವೆಯಿಂದ ಜೋಡಿಸಿ ತಮ್ಮ ಗಣಕಗಳನ್ನು ತಂಪುಗೊಳಿಸುತ್ತಿದ್ದರು. ಕೀಲು ಸಡಿಲಿದರೆ ಎಲ್ಲವೂ ನೀರುಪಾಲು! ಈ ಭಯವನ್ನು ವ್ಯಾಪಾರದ ಅವಕಾಶವಾಗಿ ಕಂಡವನು ಡೆನ್ಮಾರ್ಕಿನ ಆಂಡ್ರೆ ಸ್ಲೋತ್ ಎರಿಕ್ಸನ್. ೨೦೦೦ದಲ್ಲಿ ಆತ ಸ್ಥಾಪಿಸಿದ ಅಸೆಟೆಕ್ ಸಂಸ್ಥೆ ಪಂಪನ್ನೂ ತಾಮ್ರದ ಬಿಲ್ಲೆಯನ್ನೂ ಒಂದೇ ಡಬ್ಬಿಯಲ್ಲಿ ಕೂಡಿಸಿ, ಕೊಂಡವನು ನೀರನ್ನು ಮುಟ್ಟಲೇಬೇಕಿಲ್ಲದ ಮುಚ್ಚಿದ ಸಾಧನವನ್ನು ರೂಪಿಸಿತು. ಕೆನಡಾದ ಕೂಲ್‌ಐಟಿ ಸಂಸ್ಥೆಯೂ ಅದೇ ದಾರಿಯಲ್ಲಿ ನಡೆದಿತ್ತು. ಅಸೆಟೆಕ್ ತಯಾರಿಸಿ ಕೋರ್ಸೇರ್ ಸಂಸ್ಥೆ ೨೦೦೯ರಲ್ಲಿ ಮಾರಿದ ‘ಎಚ್೫೦’ ಜನಸಾಮಾನ್ಯರ ಮನವೊಲಿಸಿತು. ೨೦೧೧ರಲ್ಲಿ ಎ.ಎಂ.ಡಿ. ಸಂಸ್ಥೆ ತನ್ನ ಎಫ್‌ಎಕ್ಸ್-೮೧೫೦ ಪ್ರೊಸೆಸರಿನ ಜೊತೆಯಲ್ಲಿಯೇ ಇಂಥ ಸಾಧನವನ್ನೂ ಇಟ್ಟು ಮಾರಿತು. ಹಣವಿದ್ದಲ್ಲಿ ವ್ಯಾಜ್ಯವೂ ಇರಬೇಕಷ್ಟೆ. ಪಂಪು-ಬಿಲ್ಲೆಗಳ ಜೋಡಣೆಯ ಪೇಟೆಂಟಿನ ಬಗೆಗೆ ಅಸೆಟೆಕ್ ಹೂಡಿದ ದಾವೆಯಲ್ಲಿ ೨೦೧೪ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಅದರ ಪರವಾಗಿ ತೀರ್ಪಿತ್ತಿತು. ಅಲ್ಲಿಂದ ಮುಂದೆ, ಪ್ರತಿಸ್ಪರ್ಧಿಗಳಲ್ಲಿ ಕೆಲವರು ಪಂಪನ್ನು ಬಿಲ್ಲೆಯಿಂದ ಬಿಡಿಸಿ, ರೇಡಿಯೇಟರಿನಲ್ಲೋ ಕೊಳವೆಯ ನಡುವೆಯೋ ಕೂಡಿಸುವ ಉಪಾಯ ಹೂಡಿದರು.

ಒಂದು ಸುತ್ತಿನ ಪಯಣ

ಘಟ್ಟವೇರಿದ ಬಸ್ಸಿನ ಚಾಲಕ ಮೇಲೆ ನಿಲ್ಲಿಸಿ ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದ ಕಾಲವನ್ನು ಕಂಡವರಿಗೆ ಈ ಸಾಧನದ ತತ್ತ್ವ ಹೊಸದಲ್ಲ. ಪ್ರೊಸೆಸರಿನ ಲೋಹದ ಮುಚ್ಚಳಕ್ಕೂ ತಾಮ್ರದ ಬಿಲ್ಲೆಗೂ ನಡುವೆ, ಬಟಾಣಿ ಕಾಳಿನಷ್ಟು ಒಂದು ಲೇಪವನ್ನು ಹಚ್ಚುತ್ತಾರೆ. ಕಣ್ಣಿಗೆ ನುಣುಪಾಗಿ ಕಾಣುವ ಎರಡು ಲೋಹಗಳ ನಡುವೆಯೂ ಸಣ್ಣ ಸಣ್ಣ ಗುಳಿಗಳಿರುತ್ತವೆ. ಅವುಗಳಲ್ಲಿ ಸಿಕ್ಕ ಗಾಳಿ ಶಾಖಕ್ಕೆ ಅಡ್ಡಗೋಡೆಯಾಗುತ್ತದೆ. ಗಾಳಿಯನ್ನು ಹೊರದೂಡಿ ಆ ಗುಳಿಗಳನ್ನು ತುಂಬುವುದೇ ಲೇಪದ ಕೆಲಸ. ಬಿಲ್ಲೆಯ ಒಳಮೈಯಲ್ಲಿ ಬಾಚಣಿಗೆಯ ಹಲ್ಲುಗಳಿಗಿಂತ ಎಷ್ಟೋ ಒತ್ತಾದ ತಾಮ್ರದ ಗರಿಗಳಿವೆ. ಪಂಪು ನೂಕಿದ ನೀರು ಅವುಗಳ ನಡುವೆ ನುಸುಳಿ, ಶಾಖವನ್ನು ಹೊತ್ತು, ಕೊಳವೆಯ ಮೂಲಕ ರೇಡಿಯೇಟರನ್ನು ಸೇರಿ, ಫ್ಯಾನಿನ ಗಾಳಿಗೆ ಆ ಹೊರೆಯನ್ನು ಒಪ್ಪಿಸಿ ಹಿಂದಿರುಗುತ್ತದೆ. ಪಂಪಿನ ಚಕ್ರ ನೀರಿನೊಳಗೇ ಇರುತ್ತದೆ. ಅದನ್ನು ತಿರುಗಿಸುವ ವಿದ್ಯುತ್ ಸುರುಳಿ ಹೊರಗೆ, ಒಣ ಜಾಗದಲ್ಲಿರುತ್ತದೆ. ನಡುವಣ ಗೋಡೆಯನ್ನು ದಾಟಿ ಕಾಂತಶಕ್ತಿಯೇ ಚಕ್ರವನ್ನು ತಿರುಗಿಸುವುದರಿಂದ, ನೀರು ಸೋರಲು ಅಚ್ಚಿನ ತೂತೇ ಅಲ್ಲಿಲ್ಲ.

ನೀರೇ ಏಕೆ ಬೇಕು? ಒಂದೇ ಗಾತ್ರದ ಗಾಳಿಗೆ ಹೋಲಿಸಿದರೆ ನೀರು ಮೂರು ಸಾವಿರ ಮಡಿಗೂ ಮೀರಿ ಶಾಖವನ್ನು ಹೊರಬಲ್ಲುದು. ನೀರು ನಿಮಿಷಕ್ಕೆ ಒಂದು ಲೀಟರಿನಂತೆ ಹರಿಯುತ್ತದೆಂದು ಲೆಕ್ಕ ಹಿಡಿದರೆ, ೨೫೦ ವಾಟ್ ಶಾಖವನ್ನು ಹೊತ್ತು ಬರುವಾಗಲೂ ಅದರ ಬಿಸಿ ನಾಲ್ಕು ಡಿಗ್ರಿಯಷ್ಟು ಕೂಡ ಏರುವುದಿಲ್ಲ! ಇನ್ನೊಂದು ಲಾಭವೂ ಉಂಟು. ಸಾಧನದಲ್ಲಿ ಪಾವು ಲೀಟರ್ ನೀರಿದ್ದರೆ, ಅದನ್ನು ಒಂದು ಡಿಗ್ರಿ ಕಾಯಿಸಲು ಅದೇ ಶಾಖಕ್ಕೆ ನಾಲ್ಕು ಸೆಕೆಂಡು ಬೇಕು. ಆದುದರಿಂದ ಕ್ಷಣಕಾಲ ಹೊರೆ ಏರಿ ಇಳಿದರೆ ನೀರು ಅದನ್ನು ನುಂಗಿಕೊಳ್ಳುತ್ತದೆ. ಫ್ಯಾನು ಪದೇ ಪದೇ ಅಬ್ಬರಿಸಬೇಕಾಗುವುದಿಲ್ಲ.

ನೀರಿನಿಂದಾಗದ ಕೆಲಸ

ಮಣ್ಣಿನ ಹೂಜಿಯ ನೀರು ಹೊರಗಿನ ಗಾಳಿಗಿಂತ ತಂಪಾಗಿರುವುದನ್ನು ಬಲ್ಲ ನಮ್ಮವರು ಈ ಸಾಧನದಿಂದಲೂ ಅದನ್ನೇ ಬಯಸಿದರೆ ತಪ್ಪಲ್ಲ. ಆದರೆ ಹೂಜಿಯ ತಂಪು ನೀರು ಆವಿಯಾಗುವುದರಿಂದ ಬಂದುದು. ಇಲ್ಲಿಯದು ಮುಚ್ಚಿದ ನೀರು. ಅದು ಎಂದಿಗೂ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಗಾಳಿಗಿಂತ ನೀರು ಹದಿನೈದು ಡಿಗ್ರಿ ಬಿಸಿಯಿರುವುದೆಂದಾದರೆ, ಮಡಿಕೇರಿಯ ೨೦ ಡಿಗ್ರಿಯ ಸಂಜೆಯಲ್ಲಿ ಅದು ೩೫ರಲ್ಲಿ ನಿಲ್ಲುತ್ತದೆ. ರಾಯಚೂರಿನ ಬೇಸಗೆಯ ೪೦ ಡಿಗ್ರಿಯ ಮಧ್ಯಾಹ್ನದಲ್ಲಿ ೫೫ನ್ನು ಮುಟ್ಟುತ್ತದೆ. ೬೦ ಡಿಗ್ರಿಯನ್ನು ದಾಟುವುದು ಪಂಪಿಗೂ ಕೊಳವೆಗೂ ಹಿತವಲ್ಲ. ಬಿಸಿಲು ನಾಡಿನವರು ದೊಡ್ಡ ರೇಡಿಯೇಟರನ್ನು ಆರಿಸಿ, ಅದರ ಗರಿಗಳಲ್ಲಿ ಕೂಡುವ ಧೂಳನ್ನು ಆಗಾಗ ತೆಗೆಯಬೇಕಾದುದು ಇದಕ್ಕಾಗಿಯೇ.

ಎರಡನೆಯ ಮಿತಿ ಪ್ರೊಸೆಸರಿನೊಳಗೇ ಇದೆ. ಶಾಖ ನೀರನ್ನು ಸೇರುವ ಮೊದಲು ಸಿಲಿಕಾನ್, ಬೆಸುಗೆ, ಮುಚ್ಚಳ, ಲೇಪ, ತಾಮ್ರ ಇವನ್ನೆಲ್ಲ ಹಾಯ್ದು ಬರಬೇಕು. ಬಾಗಿಲೇ ಇಕ್ಕಟ್ಟಾಗಿರುವಾಗ ಅಂಗಳ ಎಷ್ಟು ವಿಶಾಲವಾದರೇನು? ೨೪೦ ಮಿಲಿಮೀಟರಿನ ರೇಡಿಯೇಟರನ್ನು ಬಿಟ್ಟು ೩೬೦ರದನ್ನು ಹಾಕಿದರೆ ಸಿಗುವ ಲಾಭ ಬೆಲೆಯ ಪ್ರಮಾಣದಲ್ಲಿ ಇರುವುದಿಲ್ಲ. ೨೦೨೨ರ ರೈಜನ್ ೭೦೦೦ ಮಾಲಿಕೆಯ ಪ್ರೊಸೆಸರುಗಳು ಹೊರೆ ಬಿದ್ದಾಗ ೯೫ ಡಿಗ್ರಿಯವರೆಗೆ ಏರುವುದು ಸಹಜವೆಂದು ತಯಾರಕರೇ ಸಾರಿದರು. ತಂಪು ಹೆಚ್ಚಿದಷ್ಟೂ ಅವು ಇನ್ನಷ್ಟು ವೇಗವಾಗಿ ದುಡಿದು ಮತ್ತೆ ಅದೇ ಬಿಸಿಯನ್ನು ಮುಟ್ಟುತ್ತವೆ.

ಮುದ್ರೆಯೊಳಗಿನ ಮುಪ್ಪು

ಇನ್ನು ನಂಬಿಕೆಯ ಮಾತು. ಕೊಳವೆ ಒಡೆದು ನೀರು ಚೆಲ್ಲುವುದು ಅಪರೂಪ. ಆದರೆ ಚೆಲ್ಲಿದರೆ ಹೊತ್ತುಗೊಂಡು ಬರುವ ನಷ್ಟ ದೊಡ್ಡದು. ೨೦೦೪ರಲ್ಲಿ ಆ್ಯಪಲ್ ಸಂಸ್ಥೆ ತನ್ನ ಅತಿವೇಗದ ಪವರ್ ಮ್ಯಾಕ್ ಜಿ೫ ಯಂತ್ರದಲ್ಲಿ ದ್ರವದ ತಂಪನ್ನು ಅಳವಡಿಸಿತು. ವರ್ಷಗಳು ಕಳೆದಂತೆ ಅವುಗಳಲ್ಲಿ ಹಲವು ಸೋರಿ ಕೆಟ್ಟವು. ಇಂದಿನ ತಯಾರಿಕೆ ಎಷ್ಟೋ ಸುಧಾರಿಸಿದೆ. ಆದರೂ ಮುಪ್ಪು ಬೇರೆ ದಾರಿಯಿಂದ ಬರುತ್ತದೆ. ರಬ್ಬರಿನ ಕೊಳವೆಯ ಗೋಡೆಯಿಂದ ನೀರು ಕಣ್ಣಿಗೆ ಕಾಣದಂತೆ ಆವಿಯಾಗಿ ಹೊರಹೋಗುತ್ತದೆ. ಅದರ ಜಾಗವನ್ನು ಗಾಳಿ ತುಂಬುತ್ತದೆ. ಬಿಲ್ಲೆ ತಾಮ್ರದ್ದು, ರೇಡಿಯೇಟರ್ ಬಹುಮಟ್ಟಿಗೆ ಅಲ್ಯೂಮಿನಿಯಮಿನದು. ಎರಡು ಬೇರೆ ಲೋಹಗಳನ್ನು ಒಂದೇ ನೀರು ಮುಟ್ಟಿದರೆ ಒಂದು ಸವೆಯುತ್ತದೆ. ಇದನ್ನು ತಡೆಯಲು ನೀರಿಗೆ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಆ ಮಿಶ್ರಣ ಕೆಟ್ಟರೆ ಕೆಸರು ಕಟ್ಟಿ, ತಾಮ್ರದ ಗರಿಗಳ ನಡುವಣ ಸಂದುಗಳು ಮುಚ್ಚಿಹೋಗುತ್ತವೆ.

ಹೊರಗಿನ ಗಾಳಿಯನ್ನು ತಡೆಯಲಾಗದಿದ್ದರೂ ಒಳಸೇರಿದ ಗಾಳಿಯನ್ನು ಅಪಾಯವಿಲ್ಲದ ಜಾಗದಲ್ಲಿ ಕೂಡಿಹಾಕಬಹುದು. ಗಾಳಿಯ ಗುಳ್ಳೆ ಯಾವಾಗಲೂ ಎತ್ತರವನ್ನೇ ಹುಡುಕುತ್ತದೆ. ರೇಡಿಯೇಟರನ್ನು ಪೆಟ್ಟಿಗೆಯ ಮಾಡಿನಲ್ಲಿ ಕೂಡಿಸಿದರೆ ಅಥವಾ ಮುಂಬದಿಯಲ್ಲಿ ಅದರ ತಲೆ ಪಂಪಿಗಿಂತ ಮೇಲಿರುವಂತೆ ನಿಲ್ಲಿಸಿದರೆ, ಗುಳ್ಳೆ ಅಲ್ಲಿಯೇ ತಂಗುತ್ತದೆ. ಪಂಪೇ ಎಲ್ಲಕ್ಕಿಂತ ಎತ್ತರದಲ್ಲಿದ್ದರೆ ಗಾಳಿ ಅಲ್ಲಿ ಸೇರಿ, ಗುಳುಗುಳು ಸದ್ದಿನೊಡನೆ ಅದರ ಆಯುಸ್ಸನ್ನು ಕಡಿಮೆ ಮಾಡುತ್ತದೆ. ಕಾಸಿನ ಖರ್ಚಿಲ್ಲದ ಈ ಎಚ್ಚರಿಕೆಯನ್ನು ಎಷ್ಟೋ ಜನ ಮರೆಯುತ್ತಾರೆ.

ಈ ಸಾಧನಗಳಿಗೆ ಐದಾರು ವರ್ಷಗಳ ಖಾತರಿ ಕೊಡುವ ತಯಾರಕರು ಹಲವರಿದ್ದಾರೆ. ಆ ಬಳಿಕ ಪಂಪು ನಿಂತರೆ ಬಹುಪಾಲು ಸಾಧನಗಳನ್ನು ಬಿಚ್ಚಿ ಸರಿಪಡಿಸುವಂತಿಲ್ಲ, ಇಡಿಯಾಗಿ ಎಸೆಯಬೇಕು. ಬರಿಯ ಲೋಹದ ಗರಿಗಳೂ ಶಾಖನಾಳಗಳೂ ಉಳ್ಳ ಗಾಳಿಯ ಕೂಲರಿನಲ್ಲಾದರೋ ಕೆಡುವ ವಸ್ತುವೆಂದರೆ ಫ್ಯಾನು ಒಂದೇ; ಅದನ್ನು ಬದಲಿಸಿದರೆ ಮತ್ತೆ ಹೊಸದು. ಪತ್ರ ಬರೆಯುವವನಿಗೆ, ಲೆಕ್ಕ ಇಡುವವನಿಗೆ, ಚಲಚ್ಚಿತ್ರ ನೋಡುವವನಿಗೆ ಗಾಳಿಯೇ ಸಾಕು. ದಿನವಿಡೀ ಚಲಚ್ಚಿತ್ರವನ್ನು ಸಂಕಲಿಸುವವರಿಗೆ, ಮೂರು ಆಯಾಮದ ಚಿತ್ರಗಳನ್ನು ಹೆಣೆಯುವವರಿಗೆ, ೨೦೦ ವಾಟ್ ಮೀರಿದ ಪ್ರೊಸೆಸರನ್ನು ಗಂಟೆಗಟ್ಟಲೆ ದುಡಿಸುವವರಿಗೆ ನೀರು ನಿಜವಾದ ನೆರವು. ಗಾಜಿನ ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ದೀಪ ಮಿನುಗಲೆಂದಷ್ಟೇ ಕೊಳ್ಳುವವರೂ ಇದ್ದಾರೆ. ಅಲಂಕಾರಕ್ಕೆ ಬೆಲೆ ತೆರಬಾರದೆಂದು ಯಾರು ಹೇಳಬಲ್ಲರು?

ನೀರಾಗಲಿ ಗಾಳಿಯಾಗಲಿ ಶಾಖವನ್ನು ಅಳಿಸುವುದಿಲ್ಲ, ಸಾಗಿಸುತ್ತದೆ ಅಷ್ಟೆ. ೨೦೧೦ರಲ್ಲಿ ಐ.ಬಿ.ಎಂ. ಸಂಸ್ಥೆಯೂ ಜ್ಯೂರಿಕ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯವೂ ಕೂಡಿ ನಿರ್ಮಿಸಿದ ಅಕ್ವಾಸಾರ್ ಎಂಬ ಗಣಕ, ತನ್ನನ್ನು ತಂಪಾಗಿಸಿದ ಬಿಸಿನೀರನ್ನು ಅಲ್ಲಿನ ಕಟ್ಟಡಗಳನ್ನು ಬೆಚ್ಚಗಿಡಲು ಕೊಟ್ಟಿತು. ಚಳಿನಾಡಿನಲ್ಲಿ ಅದು ವರ. ನಮ್ಮ ಬೇಸಗೆಯ ಕೋಣೆಯಲ್ಲಿ ಮಾತ್ರ, ಪ್ರೊಸೆಸರಿನಿಂದ ನೀರಿಗೂ ನೀರಿನಿಂದ ಗಾಳಿಗೂ ದಾಟಿ ಬಂದ ಆ ೨೫೦ ವಾಟನ್ನು ಮನೆಯಿಂದ ಹೊರಗೆ ಕಳುಹಿಸಬೇಕಾದರೆ ಒಂದು ಕಿಟಕಿಯನ್ನು ತೆರೆದಿಡಲೇಬೇಕು.