ಜೋರಿದ್ದರೆ ಸಾಲದು: ನಿಕರಾಗುವಾ ಸಿಗಾರಿನ ಪರೀಕ್ಷೆ

ನಿಕರಾಗುವಾದ ಸಿಗಾರು ಎಂದೊಡನೆ ಮೊದಲು ಬರುವ ಮಾತು ‘ಅಬ್ಬಾ, ಬಲು ಜೋರು’. ಮೊದಲ ಸಲ ಸೇದಿದವರು ಹಣೆಯಲ್ಲಿ ಬೆವರೊಡೆದು, ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದು ಕೂತು, ಸುಧಾರಿಸಿಕೊಂಡ ಮೇಲೆ ‘ಭಾರಿ ಮಾಲು’ ಎಂದು ಸರ್ಟಿಫಿಕೇಟು ಕೊಡುವುದುಂಟು. ತಲೆ ಸುತ್ತಿದ್ದು ನಿಕೋಟಿನ್‌ನಿಂದ. ಅದಕ್ಕೂ ಸಿಗಾರಿನ ಗುಣಕ್ಕೂ ನಂಟು ಕಡಿಮೆ. ದುಬಾರಿ ಸಿಗಾರೊಂದು ಕೊಟ್ಟ ಹಣಕ್ಕೆ ತಕ್ಕದ್ದೇ ಎಂದು ತೀರ್ಮಾನಿಸಲು ಹೊರಟವರು ಮೊದಲು ಈ ಎರಡನ್ನು ಬೇರೆ ಮಾಡಬೇಕು. ಆಮೇಲೆ, ಏನಾದರೂ ಕೆಟ್ಟಿದ್ದರೆ ತಪ್ಪು ಯಾರದ್ದು ಎಂದು ಹುಡುಕಬೇಕು. ಎಲೆಯದೋ, ಸುತ್ತಿದ ಕೈಯದೋ, ದಾಸ್ತಾನು ಇಟ್ಟವರದೋ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ನಿಜವಾದ ಸಿಗಾರನ್ನೇ ಎದುರಿಗಿಟ್ಟುಕೊಳ್ಳೋಣ. ಪಡ್ರೋನ್ ಕಂಪನಿಯ ‘1964 ಆನಿವರ್ಸರಿ’ ಸರಣಿಯ ಎಕ್ಸ್‌ಕ್ಲೂಸಿವೊ, ಮಡೂರೊ. ಉದ್ದ ಐದೂವರೆ ಇಂಚು, ರಿಂಗ್ ಗೇಜ್ 50. ರಿಂಗ್ ಗೇಜ್ ದಪ್ಪದ ಅಳತೆ: ಇಂಚನ್ನು 64 ಪಾಲು ಮಾಡಿದರೆ ಅದರಲ್ಲಿ 50 ಪಾಲು, ಹತ್ತಿರಹತ್ತಿರ 20 ಮಿಲಿಮೀಟರ್. ಒತ್ತಿ ಕೂರಿಸಿದ್ದರಿಂದ ಗುಂಡಗಿರದೆ ಚೌಕವಾಗಿರುತ್ತದೆ. ಕ್ಯೂಬಾದಲ್ಲಿ ಹುಟ್ಟಿದ ಹೋಸೆ ಒರ್ಲಾಂಡೊ ಪಡ್ರೋನ್ 1964ರಲ್ಲಿ ಮಿಯಾಮಿಯಲ್ಲಿ ಶುರುಮಾಡಿದ ಕಂಪನಿ ಇದು. ಈ ಸರಣಿ ಬಂದದ್ದು 1994ರಲ್ಲಿ. ಒಳಗಿನದು, ಹೊರಗಿನದು ಎರಡೂ ನಿಕರಾಗುವಾದ ಎಲೆ. ಹೀಗೆ ಒಂದೇ ದೇಶದ ಎಲೆಯಿಂದ ಕಟ್ಟಿದ ಸಿಗಾರನ್ನು ವ್ಯಾಪಾರದಲ್ಲಿ ‘ಪ್ಯೂರೊ’ ಎನ್ನುತ್ತಾರೆ.

ಕ್ಯೂಬಾದ ಬೀಜ ನಿಕರಾಗುವಾ ಸೇರಿದ್ದು ರಾಜಕೀಯದ ದೆಸೆಯಿಂದ. 1959ರ ಕ್ರಾಂತಿ, 1962ರಲ್ಲಿ ಕ್ಯೂಬಾದ ಮೇಲೆ ಅಮೆರಿಕ ಹೇರಿದ ವ್ಯಾಪಾರ ನಿರ್ಬಂಧ, ಇವುಗಳಿಂದ ದೇಶ ಬಿಟ್ಟ ಬೆಳೆಗಾರರು ತಮ್ಮ ಬೀಜಕ್ಕೆ ಒಗ್ಗುವ ಮಣ್ಣು ಹುಡುಕುತ್ತ ಎಸ್ತೆಲಿ ಕಣಿವೆಗೆ ಬಂದರು. 1968ರಲ್ಲಿ ಅಲ್ಲಿ ಹುಟ್ಟಿದ ಹೋಯಾ ದೆ ನಿಕರಾಗುವಾ ಆ ದೇಶದ ಹಳೆಯ ಸಿಗಾರ್ ಕಾರ್ಖಾನೆ. ಅಲ್ಲಿಯೂ ನೆಮ್ಮದಿ ಸಿಗಲಿಲ್ಲ. 1978ರ ಗಲಭೆಯಲ್ಲಿ ಪಡ್ರೋನ್ ಅಲ್ಲಿ ತೆರೆದಿದ್ದ ಕಾರ್ಖಾನೆಗೆ ಬೆಂಕಿ ಬಿತ್ತು, ಮರುವರ್ಷ ಸ್ಯಾಂಡಿನಿಸ್ಟಾಗಳ ಕ್ರಾಂತಿ ನಡೆಯಿತು, 1985ರಲ್ಲಿ ಅಮೆರಿಕ ನಿಕರಾಗುವಾದ ಮೇಲೂ ನಿರ್ಬಂಧ ಹೇರಿತು. ಅದು ತೆರವಾದದ್ದು 1990ರಲ್ಲಿ. ಇವತ್ತು ಅಮೆರಿಕದ ಅಂಗಡಿಗಳ ಶೆಲ್ಫು ತುಂಬಿರುವ ನಿಕರಾಗುವಾ ಸಿಗಾರಿನ ವೈಭವವೆಲ್ಲ ಅದರ ಈಚಿನದು.

ರುಚಿ ನೋಡುವವರಿಗೆ ಇತಿಹಾಸಕ್ಕಿಂತ ಮಣ್ಣು ಮುಖ್ಯ. ಎಸ್ತೆಲಿಯದು ಜ್ವಾಲಾಮುಖಿಯ ಕಪ್ಪು ಮಣ್ಣು. ಎಲೆ ದಪ್ಪ, ಖಾರ, ಜೋರು. ಹೊಂಡುರಾಸ್ ಗಡಿಯ ಹಲಾಪಾ ಕಣಿವೆಯ ಎಲೆ ಮೆದು, ಸ್ವಲ್ಪ ಸಿಹಿ. ನಡುವಿನ ಕೊಂದೇಗಾದ್ದು ಇವೆರಡರ ನಡುವಣ ಗುಣ. ದೊಡ್ಡ ಸರೋವರದ ಮಧ್ಯೆ ಎರಡು ಜ್ವಾಲಾಮುಖಿ ಹೊತ್ತ ಓಮೆತೆಪೆ ದ್ವೀಪದ ಎಲೆಗೆ ಮಣ್ಣಿನ ವಾಸನೆ ಗಾಢ. ಒಳ್ಳೆಯ ತಯಾರಕರು ಇವನ್ನು ಬೆರೆಸುತ್ತಾರೆ. ಎಸ್ತೆಲಿಯ ಎಲೆಯೊಂದನ್ನೇ ತುಂಬಿದರೆ ಜೋರು ಬರುತ್ತದೆ, ಆದರೆ ಮೊದಲ ದಮ್ಮಿನಿಂದ ಕೊನೆಯವರೆಗೆ ಒಂದೇ ರಾಗ.

ಗಿಡದಲ್ಲಿ ಎಲೆಯಿದ್ದ ಜಾಗವೂ ಲೆಕ್ಕಕ್ಕೆ ಬರುತ್ತದೆ. ತಳದ ಎಲೆ ವೊಲಾಡೊ: ಚೆನ್ನಾಗಿ ಉರಿಯುತ್ತದೆ, ರುಚಿ ಕಡಿಮೆ. ನಡುವಿನದು ಸೆಕೊ: ಘಮ ಇರುವುದು ಇಲ್ಲಿ. ಬಿಸಿಲುಂಡ ತುದಿಯ ಎಲೆ ಲಿಗೆರೊ: ಎಣ್ಣೆಯೂ ನಿಕೋಟಿನ್ನೂ ಹೆಚ್ಚು, ಉರಿ ನಿಧಾನ. ಅದಕ್ಕೇ ಲಿಗೆರೊವನ್ನು ಸಿಗಾರಿನ ನಟ್ಟನಡುವೆ ಇಡುತ್ತಾರೆ. ಅಂಚಿಗೆ ಜರುಗಿದರೆ ಆ ಪಕ್ಕ ಹಿಂದುಳಿದು ಸಿಗಾರು ಓರೆಯಾಗಿ ಉರಿಯುತ್ತದೆ. ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಇಬ್ಬರ ಜೋಡಿ. ಒಬ್ಬರು ಒಳಗಿನ ಎಲೆಗಳನ್ನು ಬೈಂಡರ್ ಎಲೆಯಲ್ಲಿ ಕಟ್ಟುತ್ತಾರೆ, ಇನ್ನೊಬ್ಬರು ಮೇಲೆ ರ‍್ಯಾಪರ್ ಸುತ್ತಿ ತಲೆಗೆ ಟೋಪಿ ಹಾಕುತ್ತಾರೆ.

ಹುಣಸೂರು, ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪು ಬಲ್ಲವರಿಗೆ ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ನಮ್ಮ ವರ್ಜೀನಿಯಾ ಸೊಪ್ಪನ್ನು ಬ್ಯಾರನ್‌ನಲ್ಲಿ ಸೌದೆಯ ಬಿಸಿಗೆ ಕೆಲವೇ ದಿನದಲ್ಲಿ ಬೇಯಿಸಿ ಹಳದಿಗೆ ತರುತ್ತಾರೆ. ಎಲೆಯ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ, ಹೊಗೆ ಹುಳಿಯ ಕಡೆಗೆ ವಾಲುತ್ತದೆ. ಸಿಗಾರಿನ ಎಲೆಯನ್ನು ಕೊಟ್ಟಿಗೆಯಲ್ಲಿ ಸುಮ್ಮನೆ ಗಾಳಿಗೆ ತಿಂಗಳುಗಟ್ಟಲೆ ತೂಗುಹಾಕುತ್ತಾರೆ. ಆಮೇಲೆ ಆಳೆತ್ತರದ ರಾಶಿ ಹಾಕಿ, ಒದ್ದೆಯಾಗಿಟ್ಟು, ಒಳಗಿನ ಕಾವು ಏರಿದಾಗೆಲ್ಲ ಒಡೆದು ಮಗುಚಿ ಮತ್ತೆ ಒಟ್ಟುತ್ತಾರೆ. ಆ ಕಾವಿನಲ್ಲಿ ಅಮೋನಿಯಾ ಹೊರಟುಹೋಗುತ್ತದೆ, ಎಲೆಯ ಕಟುತನ ಇಳಿಯುತ್ತದೆ, ಬಣ್ಣ ಕಂದುತ್ತದೆ. ಸಕ್ಕರೆ ಸವೆದುಹೋದ ಈ ಎಲೆಯ ಹೊಗೆ ಕ್ಷಾರೀಯ. ಕ್ಷಾರೀಯ ಹೊಗೆಯಲ್ಲಿನ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತ ಸೇರುತ್ತದೆ. ಆದ್ದರಿಂದ ಸಿಗಾರನ್ನು ಎದೆಗೆಳೆಯುವ ಅಗತ್ಯವೇ ಇಲ್ಲ, ಎಳೆದರೆ ಕೆಮ್ಮು ಖಂಡಿತ.

‘ಒಳಗೆ ಎಳೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ’ ಎಂಬ ಸಮಾಧಾನಕ್ಕೆ ಮಾತ್ರ ಇಲ್ಲಿ ಆಧಾರವಿಲ್ಲ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರಿಗೆ ಸಿಗಾರೂ ಕಾರಣ. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಈ ಲೇಖನ ಸೇದುವವರು ಹೇಗೆ ಅಳೆಯುತ್ತಾರೆ ಎಂದು ತಿಳಿಸುವುದಕ್ಕೆ. ಸೇದದವರು ಶುರುಮಾಡಲು ಇದರಲ್ಲಿ ಕಾರಣ ಹುಡುಕಬೇಕಾಗಿಲ್ಲ.

ಈಗ ಸಿಗಾರು ಕೈಗೆ. ಮೊದಲು ಬ್ಯಾಂಡ್ ನೋಡಿ. ಪಡ್ರೋನ್ ಈ ಸರಣಿಯ ಪ್ರತಿ ಸಿಗಾರಿಗೂ ಕ್ರಮಸಂಖ್ಯೆ ಹಾಕಿದ ಎರಡನೆಯ ಪಟ್ಟಿ ಸುತ್ತುತ್ತದೆ, ನಕಲಿಯ ಕಾಟ ತಡೆಯಲು. ಆಮೇಲೆ ರ‍್ಯಾಪರ್. ಮಡೂರೊ ಎಂದರೆ ಹೆಚ್ಚು ಕಾಲ ಕಾವಿನಲ್ಲಿ ಹಣ್ಣಾದ, ಕಡುಗಂದು ಎಲೆ. ನರ ತೆಳುವಾಗಿರಬೇಕು, ಬಣ್ಣ ತಲೆಯಿಂದ ಬುಡದವರೆಗೆ ಬಹುಮಟ್ಟಿಗೆ ಒಂದೇ ಇರಬೇಕು, ಬೆಳಕಿಗೆ ಹಿಡಿದರೆ ಎಣ್ಣೆಯ ಮಿರುಗು ಕಾಣಬೇಕು. ಮಸಿಯಂತೆ ಒಂದೇ ಸಮ ಕಪ್ಪಾಗಿ, ಒದ್ದೆ ಬೆರಳಿಗೆ ಬಣ್ಣ ಧಾರಾಳವಾಗಿ ಹತ್ತಿದರೆ ಬಣ್ಣ ಕಟ್ಟಿದ್ದಾರೆಂದು ಅನುಮಾನಿಸಬಹುದು.

ನಂತರ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉದ್ದಕ್ಕೂ ಮೆಲ್ಲಗೆ ಒತ್ತುತ್ತ ಹೋಗಿ, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ. ಸ್ವಲ್ಪ ಒಳಗೆ ಹೋಗಿ ಮತ್ತೆ ಮೇಲೆ ಬರಬೇಕು. ಎಲ್ಲೋ ಒಂದೆಡೆ ಕುಸಿದರೆ ಅಲ್ಲಿ ಎಲೆ ಕಡಿಮೆ ತುಂಬಿದ್ದಾರೆ. ಬೆಂಕಿ ಅಲ್ಲಿಗೆ ಬಂದಾಗ ಬಿಸಿಯಾಗಿ ಓಡುತ್ತದೆ. ಗಂಟಿನಂತೆ ಗಟ್ಟಿಯಿದ್ದರೆ ಗಾಳಿ ದಾಟುವುದಿಲ್ಲ. ಒತ್ತಿದಾಗ ಚರಚರ ಸದ್ದಾದರೆ ಒಣಗಿದೆ ಎಂದರ್ಥ, ಅದಕ್ಕೆ ಸುತ್ತಿದವರನ್ನು ದೂರಿ ಫಲವಿಲ್ಲ.

ಮೂಗಿಗೆ ಎರಡು ಕಡೆ ಕೆಲಸ. ರ‍್ಯಾಪರಿನ ಮೈಯನ್ನು ಮೂಸಿದರೆ ಒಣಹುಲ್ಲು, ಕೊಟ್ಟಿಗೆ, ಚರ್ಮದ ವಾಸನೆ ಬರಬಹುದು. ಕೊಟ್ಟಿಗೆಯ ವಾಸನೆ ಎಂದರೆ ಮುಖ ಸಿಂಡರಿಸಬೇಡಿ, ಈ ಲೋಕದಲ್ಲಿ ಅದು ಹೊಗಳಿಕೆ. ಹೊತ್ತಿಸುವ ತುದಿಯನ್ನು ಮೂಸಿದರೆ ಒಳಗಿನ ಎಲೆಯ ಸುದ್ದಿ ಸಿಗುತ್ತದೆ: ಕೋಕೊ, ಒಣದ್ರಾಕ್ಷಿ, ಮೆಣಸು. ಇಲ್ಲಿ ಅಮೋನಿಯಾದ ಚುರುಕು ಮೂಗಿಗೆ ಹೊಡೆದರೆ ಎಲೆ ಇನ್ನೂ ಹಣ್ಣಾಗಿಲ್ಲ.

ತಲೆ ಕತ್ತರಿಸುವಾಗ ಎರಡು ಮಿಲಿಮೀಟರ್ ಸಾಕು. ಟೋಪಿಯ ಗೆರೆಗಿಂತ ಕೆಳಗೆ ಕತ್ತಿ ಇಳಿದರೆ ರ‍್ಯಾಪರ್ ಬಿಚ್ಚಿಕೊಳ್ಳುತ್ತ ಬರುತ್ತದೆ. ಕತ್ತರಿಸಿದ ಮೇಲೆ ಬೆಂಕಿಯಿಲ್ಲದೆ ಒಂದು ಬರೀ ದಮ್ಮು ಎಳೆಯಿರಿ. ಅನುಭವಿಗಳು ಇದನ್ನು ಬಿಡುವುದೇ ಇಲ್ಲ, ನನಗೂ ಇಡೀ ಪರೀಕ್ಷೆಯಲ್ಲಿ ಅತ್ಯಂತ ಪ್ರಾಮಾಣಿಕವಾದ ಘಟ್ಟ ಇದೇ ಎನಿಸುತ್ತದೆ. ಹೊಗೆಯ ಮರೆಯಿಲ್ಲ, ನಿಕೋಟಿನ್ನಿನ ಅಬ್ಬರವಿಲ್ಲ, ಎಲೆ ತಾನೇ ಮಾತಾಡುತ್ತದೆ. ಗಾಳಿ ಸ್ವಲ್ಪ ಬಿಗಿಯಾಗಿ, ಆದರೆ ಕೆನ್ನೆ ಒಳಗೆ ಹೋಗದ ಹಾಗೆ ಬರಬೇಕು. ಕೆಲವು ಕಾರ್ಖಾನೆಗಳು ರ‍್ಯಾಪರ್ ಸುತ್ತುವ ಮೊದಲೇ ಪ್ರತಿ ಕಟ್ಟನ್ನೂ ಯಂತ್ರಕ್ಕೆ ಹಚ್ಚಿ ಗಾಳಿಯ ಹರಿವು ಅಳೆಯುತ್ತವೆ. ಬಿಗಿದ ಸಿಗಾರು ಎಷ್ಟೇ ಒಳ್ಳೆಯ ಎಲೆಯದಾಗಿದ್ದರೂ ಕಹಿಯಾಗಿಯೇ ಮುಗಿಯುತ್ತದೆ.

ಹೊತ್ತಿಸಲು ಪೆಟ್ರೋಲ್ ಲೈಟರ್ ಬೇಡ, ಅದರ ವಾಸನೆ ಮೊದಲ ಕಾಲು ಗಂಟೆ ಬಾಯಲ್ಲಿ ನಿಲ್ಲುತ್ತದೆ. ಬ್ಯುಟೇನ್ ಲೈಟರ್ ಆಗಬಹುದು, ಉದ್ದನೆಯ ಬೆಂಕಿಕಡ್ಡಿಯಾದರೆ ಗಂಧಕದ ತಲೆ ಪೂರ್ತಿ ಉರಿದುಹೋಗುವವರೆಗೆ ಕಾಯಬೇಕು. ಜ್ವಾಲೆ ಎಲೆಗೆ ಮುಟ್ಟದ ಹಾಗೆ ಕೆಳಗೆ ಹಿಡಿದು, ಸಿಗಾರನ್ನು ತಿರುಗಿಸುತ್ತ, ಅಂಚು ಸುತ್ತಲೂ ಕಪ್ಪಾಗಿ ತೆಳುವಾದ ಬೂದಿಯ ಬಳೆ ಮೂಡುವವರೆಗೆ ಸುಡಿ. ಆಮೇಲಷ್ಟೇ ಬಾಯಿಗೆ. ತುದಿಯ ಕಡೆ ಮೆಲ್ಲಗೆ ಊದಿದರೆ ಕೆಂಡ ಎಲ್ಲಿ ಹತ್ತಿದೆ, ಎಲ್ಲಿ ಇಲ್ಲ ಎಂದು ಕಾಣುತ್ತದೆ. ಆತುರದಲ್ಲಿ ಒಂದು ಪಕ್ಕ ಮಾತ್ರ ಹೊತ್ತಿಸಿ, ಓರೆ ಉರಿಯಿತೆಂದು ಕಾರ್ಖಾನೆಯನ್ನು ಬೈಯುವವರೇ ಹೆಚ್ಚು.

ನಿಮಿಷಕ್ಕೊಂದು ದಮ್ಮು ಸಾಕು. ಬೇಗಬೇಗ ಎಳೆದರೆ ಕೆಂಡ ಬಿಸಿಯೇರಿ, ರುಚಿಗಳೆಲ್ಲ ಸುಟ್ಟು ಕಮಟು ವಾಸನೆಯೊಂದೇ ಉಳಿಯುತ್ತದೆ. ಹೊಗೆ ಬಾಯಲ್ಲಿ ಎರಡು ಕ್ಷಣ ನಿಲ್ಲಲಿ, ನಾಲಿಗೆಯ ಮೇಲೆ ಹೊರಳಲಿ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ಕೆಲವೇ ರುಚಿ. ಕೋಕೊ, ಕಾಫಿ, ಮರ ಎಂದು ನಾವು ಹೆಸರಿಡುವುದೆಲ್ಲ ಮೂಗಿನ ಕೆಲಸ. ಅದಕ್ಕಾಗಿ ಹೊಗೆಯ ಬಹುಪಾಲು ಬಾಯಿಂದ ಬಿಟ್ಟು, ಉಳಿದ ಸ್ವಲ್ಪವನ್ನು ಮೂಗಿನಿಂದ ಹೊರಕ್ಕೆ ತಳ್ಳುತ್ತಾರೆ. ಶ್ವಾಸ ಒಳಗೆ ಹೋಗಬಾರದು, ಬಾಯಿ ಮುಚ್ಚಿ ಗುಟುಕು ನುಂಗಿದಂತೆ ಮಾಡಿ ಬಿಡಬೇಕು. ಎಸ್ತೆಲಿಯ ಎಲೆಯಾದರೆ ಮೂಗಿನಲ್ಲಿ ಕರಿಮೆಣಸು ಕುಟ್ಟಿದಂತಾಗಿ ಕಣ್ಣಲ್ಲಿ ನೀರು ಬರುತ್ತದೆ. ಆ ಘಾಟು ಇಳಿದ ಮೇಲೆ ಏನು ಉಳಿಯಿತು ಎಂಬುದನ್ನು ಬರೆದುಕೊಳ್ಳಿ. ಏನೂ ಉಳಿಯದಿದ್ದರೆ ಅದು ಬರೀ ಗದ್ದಲದ ಸಿಗಾರು. ನಮ್ಮ ಮಡೂರೊದಲ್ಲಿ ಮೆಣಸಿನ ಹಿಂದೆಯೇ ಕಹಿ ಕೋಕೊ, ಹುರಿದ ಕಾಫಿ, ಹಸಿಮಣ್ಣಿನ ನೆನಪು ಬರುತ್ತವೆ. ಇದನ್ನು ಮೆಚ್ಚುವವರು ಮೆಚ್ಚುವುದು ಅದಕ್ಕೇ.

ಜೋರನ್ನು ಪ್ರತ್ಯೇಕವಾಗಿ ಗುರುತುಹಾಕಿಕೊಳ್ಳಬೇಕು. ಅದು ತಿಳಿಯುವುದು ಬಾಯಲ್ಲಲ್ಲ. ಹೊಟ್ಟೆಯಲ್ಲಿ, ಹಣೆಯಲ್ಲಿ, ಅದೂ ಅರ್ಧ ಸಿಗಾರು ಮುಗಿದ ಮೇಲೆ. ಹೊಗೆಯ ದಪ್ಪ ಇನ್ನೊಂದು ವಿಷಯ: ಬಾಯಿ ತುಂಬುವ, ಎಣ್ಣೆಯಂತೆ ಅಂಟುವ ಹೊಗೆಯ ಸಿಗಾರು ನಿಕೋಟಿನ್ನಿನಲ್ಲಿ ಸೌಮ್ಯವಾಗಿರಬಹುದು. ರುಚಿ, ಜೋರು, ಹೊಗೆಯ ದಪ್ಪ ಮೂರನ್ನೂ ‘ಸ್ಟ್ರಾಂಗ್’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಖಾಲಿ ಹೊಟ್ಟೆಯಲ್ಲಿ ಜೋರು ಸಿಗಾರನ್ನು ಮುಟ್ಟಬಾರದು. ಬೆವರು, ಓಕರಿಕೆ ಶುರುವಾದರೆ ಕೆಳಗಿಟ್ಟು ಸಿಹಿಯಾದದ್ದೇನಾದರೂ ಕುಡಿಯುವುದು ಅನುಭವಸ್ಥರ ರೂಢಿ.

ಸಿಗಾರನ್ನು ಮೂರು ಪಾಲಾಗಿ ನೋಡುವ ಪದ್ಧತಿಯಿದೆ. ಮೊದಲ ಪಾಲಿನಲ್ಲಿ ಮೆಣಸಿನ ಆರ್ಭಟ, ನಡುವಿನಲ್ಲಿ ಹದ, ಕೊನೆಯಲ್ಲಿ ಎಣ್ಣೆ, ತಾರು ಕೂಡಿ ಗಾಢ. ನಡುವಿನ ಪಾಲೇ ಮಿಶ್ರಣದ ನಿಜವಾದ ಮುಖ. ಬೂದಿಯ ಬಗ್ಗೆ ಮಾತ್ರ ಜನ ವಿನಾಕಾರಣ ಭಾವುಕರಾಗುತ್ತಾರೆ. ಒಂದಿಂಚು ಬೂದಿ ಬೀಳದೆ ನಿಂತರೆ ಉದ್ದ ಎಲೆ ಚೆನ್ನಾಗಿ ತುಂಬಿದ್ದಾರೆ ಎಂದಷ್ಟೇ ತಿಳಿಯಬಹುದು. ಬಿಳಿ ಬೂದಿ ಮಣ್ಣಿನ ಖನಿಜದ ಸಂಗತಿ, ಮೆಗ್ನೀಷಿಯಂ ಅದರಲ್ಲೊಂದು. ರುಚಿಗೆ ಅದು ಗ್ಯಾರಂಟಿಯಲ್ಲ.

ಅಂಕ ಕೊಡುವ ಪದ್ಧತಿಗೆ ಪ್ರಸಿದ್ಧ ಮಾದರಿ 1992ರಲ್ಲಿ ಶುರುವಾದ ಅಮೆರಿಕದ ‘ಸಿಗಾರ್ ಅಫಿಷಿಯನಾಡೊ’ ಪತ್ರಿಕೆಯದು. ನೋಟ ಮತ್ತು ಕಟ್ಟಿಗೆ 15, ರುಚಿಗೆ 25, ಉರಿಯುವ ಗುಣಕ್ಕೆ 25, ಒಟ್ಟು ಅಭಿಪ್ರಾಯಕ್ಕೆ 35. ಬ್ಯಾಂಡ್ ತೆಗೆದು, ನಂಬರ್ ಹಾಕಿ ಕೊಡುತ್ತಾರೆ. ಆ 35 ಅಂಕ ನನಗೆ ತುಸು ಅತಿಯೆನಿಸುತ್ತದೆ, ನಮ್ಮ ಪೂರ್ವಗ್ರಹಗಳು ಅಡಗಿ ಕೂರುವ ಜಾಗ ಅದೇ. ಬ್ಯಾಂಡ್ ಕಂಡರಂತೂ ಮುಗಿಯಿತು, ಬೆಲೆಯೇ ನಾಲಿಗೆಯ ಮೇಲೆ ಕೂರುತ್ತದೆ. ಮನೆಯಲ್ಲಾದರೆ ಬೇರೆಯವರ ಕೈಲಿ ಬ್ಯಾಂಡ್ ತೆಗೆಸಿ, ಅಗ್ಗದ್ದೊಂದನ್ನು ಜೊತೆಗಿಡಿಸಿ, ಬೇರೆಬೇರೆ ದಿನ ಸೇದಿ ಅಂಕ ಬರೆದು ನೋಡಬಹುದು. ಫಲಿತಾಂಶ ಹಲವರಿಗೆ ಮುಜುಗರ ತಂದಿದೆ.

ಇಷ್ಟಾದ ಮೇಲೂ ಕೆಟ್ಟ ಅಂಕ ಬಂದರೆ ತಕ್ಷಣ ತೀರ್ಪು ಬೇಡ. ಸಿಗಾರಿಗೆ ಬೇಕಾದ ತೇವ ಶೇ 65ರಿಂದ 70. ಮಂಗಳೂರಿನ ಆಷಾಢದಲ್ಲಿ ಹೊರಗಿಟ್ಟದ್ದು ನೀರು ಕುಡಿದು ಉಬ್ಬುತ್ತದೆ, ಪದೇಪದೇ ಆರುತ್ತದೆ, ಬೂಷ್ಟು ಹಿಡಿಯುತ್ತದೆ. ಬಳ್ಳಾರಿಯ ಏಪ್ರಿಲ್‌ನಲ್ಲಿ ಅದೇ ಸಿಗಾರು ಕೆಲವೇ ದಿನದಲ್ಲಿ ಸೀಳುತ್ತದೆ. ಬಿಸಿ ಹೆಚ್ಚಾದರೆ ಎಲೆಯೊಳಗಿನ ಹೊಗೆಸೊಪ್ಪಿನ ಹುಳುವಿನ ಮೊಟ್ಟೆ ಒಡೆದು, ಸೂಜಿ ಚುಚ್ಚಿದಂಥ ತೂತುಗಳು ಮೂಡುತ್ತವೆ. ಆರಿ ಆರಿ ಹೋಗುವುದು, ಕಹಿ, ರ‍್ಯಾಪರ್ ಬಿರುಕು, ಇವು ಬಹುತೇಕ ದಾಸ್ತಾನಿನ ತಪ್ಪು. ಬಿಗಿದ ಎಳೆತ, ಮೆತ್ತನೆಯ ಜಾಗ, ಹೊತ್ತಿಸುವಾಗ ಎಚ್ಚರ ವಹಿಸಿದರೂ ಓಡುವ ಓರೆ ಉರಿ, ಇವು ಸುತ್ತಿದವರದ್ದು. ಅಮೋನಿಯಾ, ಗಂಟಲು ಕೆರೆತ, ಮೆಣಸಿನ ಹಿಂದೆ ಏನೂ ಇಲ್ಲದ ಖಾಲಿತನ, ಇವು ಮಾತ್ರ ಎಲೆಯದ್ದು. ಗಾಳಿಯಾಡದ ಡಬ್ಬಿಯಲ್ಲಿ ಶೇ 65ರ ತೇವದ ಪ್ಯಾಕೆಟ್ ಹಾಕಿ, ಅದೇ ಪೆಟ್ಟಿಗೆಯ ಇನ್ನೊಂದನ್ನು ಒಂದೆರಡು ತಿಂಗಳು ತಣ್ಣಗಿನ ಜಾಗದಲ್ಲಿಟ್ಟು ಮತ್ತೆ ನೋಡಿ. ಮೊದಲ ಎರಡು ಬಗೆಯ ದೋಷ ಎರಡನೆಯ ಸಿಗಾರಿನಲ್ಲಿ ಇಲ್ಲದಿರಬಹುದು, ಮೂರನೆಯದು ಸಾಮಾನ್ಯವಾಗಿ ಉಳಿದಿರುತ್ತದೆ.